ತಾರಸಿಗೆ ಎಕ್ಸ್‌ಪಿಎಸ್ ಹಲಗೆ: ಮೈಸೂರಿನ ಹೊಸ ಮನೆಗೆ ಎಷ್ಟು ದಪ್ಪ, ಯಾವ ಕ್ರಮ, ಎಲ್ಲಿ ಎಡವಟ್ಟು

ದಟ್ಟಗಳ್ಳಿ, ಬೋಗಾದಿ, ವಿಜಯನಗರ ನಾಲ್ಕನೇ ಹಂತ, ಎಲ್ಲಿ ನೋಡಿದರೂ ಈಗ ಏಳುತ್ತಿರುವ ಮನೆಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ, ಐದಿಂಚಿನ ಮೋಲ್ಡು (ಕಾಂಕ್ರೀಟು ಸ್ಲ್ಯಾಬು), ಮೇಲೊಂದು ವಾಟರ್‌ಪ್ರೂಫಿಂಗ್, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ ಅಥವಾ ಬಿಳಿ ಟೈಲ್ಸ್. ಮಾರ್ಚ್ ಮುಗಿಯುವ ಹೊತ್ತಿಗೆ ಇಂಥ ಮನೆಯ ಮೇಲ್ಮಹಡಿಯಲ್ಲಿ ರಾತ್ರಿ ಹತ್ತಾದರೂ ಸೀಲಿಂಗ್ ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಹೊರಗೆ ಮೈಸೂರಿನ ತಂಗಾಳಿ ಬೀಸುತ್ತಿರುತ್ತದೆ, ಒಳಗೆ ಎಸಿ ಓಡುತ್ತಿರುತ್ತದೆ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿರುವ ಊರಿಗೆ ಇದು ಬರಬಾರದಿತ್ತು.

ಈ ಸೆಕೆಗೆ ಸಿಗುವ ಮದ್ದುಗಳಲ್ಲಿ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ, ಅಂದರೆ ಅಂಗಡಿಯವರು ಎಕ್ಸ್‌ಪಿಎಸ್ ಬೋರ್ಡ್ ಅನ್ನುವುದು, ಎಲ್ಲಕ್ಕಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೊಸದಾಗಿ ಕಟ್ಟುವವರು 50 ಮಿ.ಮೀ. ದಪ್ಪದ್ದನ್ನೇ ಹಾಕಿಸಿ. ಆದರೆ ಹಲಗೆ ಚೆನ್ನಾಗಿದ್ದರೆ ಸಾಲದು. ಕ್ರಮ ತಪ್ಪಿದರೆ ಹಾಕಿದ ದುಡ್ಡೂ ದಂಡ, ಸೋರಿಕೆಯೂ ಗಂಟು. ಹಾಗಾಗಿ ಈ ವಿಮರ್ಶೆಯಲ್ಲಿ ಹಲಗೆಗಿಂತ ಹಲಗೆ ಕೂರಿಸುವ ವಿಧಾನಕ್ಕೇ ಹೆಚ್ಚು ಜಾಗ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಛಾವಣಿಯ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಎಷ್ಟು ವಾಟ್ ಶಾಖ ಇಳಿಯುತ್ತದೆ ಎಂಬುದನ್ನು ಯು ಮೌಲ್ಯ ಹೇಳುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ ಐದಿಂಚಿನ ಸ್ಲ್ಯಾಬು, ಕೆಳಗೆ ಪ್ಲಾಸ್ಟರ್: ಯು ಮೌಲ್ಯ ಸುಮಾರು 3.3. ಅದರ ಮೇಲೆ ನಾಲ್ಕಿಂಚು ಇಟ್ಟಿಗೆ ಚೂರಿನ ಗಾರೆ ಹಾಕಿದರೆ 2.3ರ ಆಸುಪಾಸು. 25 ಮಿ.ಮೀ. ಎಕ್ಸ್‌ಪಿಎಸ್ ಇಟ್ಟರೆ 0.96. 50 ಮಿ.ಮೀ. ಇಟ್ಟರೆ 0.56. ಬೇಸಿಗೆಯ ಮಧ್ಯಾಹ್ನ ತಾರಸಿಯ ಮೇಲ್ಮೈ 55 ಡಿಗ್ರಿ, ಕೋಣೆ 30 ಡಿಗ್ರಿ ಎಂದು ಹಿಡಿಯಿರಿ. ಬರಿಯ ಸ್ಲ್ಯಾಬಿನಲ್ಲಿ ಚದರ ಮೀಟರಿಗೆ 94 ವಾಟ್ ಇಳಿಯುತ್ತದೆ, 50 ಮಿ.ಮೀ. ಹಲಗೆ ಇದ್ದರೆ 14 ವಾಟ್. (ಮೇಲ್ಮೈಯ ಬಿಸಿಯನ್ನೇ ಹಿಡಿದದ್ದರಿಂದ, ಯು ಮೌಲ್ಯದಲ್ಲಿ ಸೇರಿರುವ ಹೊರಗಾಳಿಯ ತಡೆ ಇಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ 3.3ನ್ನು 25ರಿಂದ ಗುಣಿಸಿದ್ದಕ್ಕಿಂತ ಅಂಕಿ ತುಸು ಹೆಚ್ಚು.) ಸಾವಿರ ಚದರಡಿ ತಾರಸಿಗೆ ಗುಣಿಸಿದರೆ ಮೊದಲನೆಯದು 8.7 ಕಿಲೋವಾಟ್, ಎರಡನೆಯದು 1.3. ಒಂದು ಟನ್ನಿನ ಎಸಿ ಹೊರಹಾಕುವುದು 3.5 ಕಿಲೋವಾಟ್ ಶಾಖ. ಅಂದರೆ ಬರಿಯ ಸ್ಲ್ಯಾಬಿನ ಕೆಳಗೆ ಎರಡೂವರೆ ಎಸಿ ಬರೀ ಛಾವಣಿಗಾಗಿ ದುಡಿಯಬೇಕು. ಕಾಂಕ್ರೀಟು ಶಾಖವನ್ನು ಹಿಡಿದಿಟ್ಟು ಮೂರ್ನಾಲ್ಕು ಗಂಟೆ ತಡವಾಗಿ ಬಿಡುವುದರಿಂದ ಈ ಹೊರೆ ಮಧ್ಯಾಹ್ನದ ಬದಲು ಸಂಜೆ ತಲೆ ಮೇಲೆ ಬೀಳುತ್ತದೆ. ಊರಿನ ಎಲ್ಲ ಮನೆಗಳಲ್ಲೂ ದೀಪ, ಟಿವಿ, ಮಿಕ್ಸಿ ಓಡುವ ಹೊತ್ತೂ ಅದೇ.

ಈ ಅಂಕಿಗಳ ಪಕ್ಕದಲ್ಲಿ ಕೇಂದ್ರದ ವಸತಿ ಕಟ್ಟಡಗಳ ಇಂಧನ ಸಂಹಿತೆಯನ್ನು ಇಟ್ಟು ನೋಡಬೇಕು. ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ ರೂಪಿಸಿದ ಇಕೋ ನಿವಾಸ್ ಸಂಹಿತೆಯ ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಬಂತು. ಅದರಲ್ಲಿ ಛಾವಣಿಗೆ ಇರುವ ಮಿತಿ ಯು 1.2. ಇಟ್ಟಿಗೆ ಚೂರಿನ ತಾರಸಿ ಇದರ ಹತ್ತಿರವೂ ಸುಳಿಯುವುದಿಲ್ಲ. 25 ಮಿ.ಮೀ. ಎಕ್ಸ್‌ಪಿಎಸ್ ಸಲೀಸಾಗಿ ದಾಟುತ್ತದೆ. ಹಾಗಾದರೆ ಎಲ್ಲರೂ ಯಾಕೆ ಹಾಕಿಸುವುದಿಲ್ಲ? ಆ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಬರೆದದ್ದು. 500 ಚದರ ಮೀಟರ್ ಅಂದರೆ 5,382 ಚದರಡಿ. ನಮ್ಮ 30×40 ಸೈಟು 1,200 ಚದರಡಿ. 40×60 ಆದರೆ 2,400. ಬಡಾವಣೆಯಲ್ಲಿ ದೊಡ್ಡದೆನಿಸಿಕೊಳ್ಳುವ 50×80 ಸೈಟೂ 4,000ಕ್ಕೇ ನಿಲ್ಲುತ್ತದೆ. ಅಂದರೆ ಮೈಸೂರು, ಮಂಡ್ಯದಲ್ಲಿ ಜನ ನಿಜವಾಗಿ ಕಟ್ಟುವ ಮನೆ ಒಂದೂ ಈ ಅಳತೆಗೆ ಸಿಗುವುದಿಲ್ಲ. ಸಂಹಿತೆ ಚೆನ್ನಾಗಿದೆ, ಬಾಗಿಲು ಮಾತ್ರ ತಪ್ಪು ಬೀದಿಯಲ್ಲಿದೆ.

ಬೇರೆ ದಾರಿಗಳ ಬಗ್ಗೆ ಎರಡು ಮಾತು. ಬಿಳಿ ಕೂಲ್‌ರೂಫ್ ಪೇಂಟು ಅಗ್ಗ, ಹಳೆಯ ಮನೆಗೆ ಒಳ್ಳೆಯದು, ಹಚ್ಚಿದ ದಿನವೇ ಫಲ ಕಾಣುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಕೂಲ್‌ರೂಫ್ ನೀತಿಯನ್ನೇ ತಂದದ್ದು ಅದಕ್ಕೇ. ಆದರೆ ಅದು ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಳಬಂದ ಶಾಖವನ್ನು ತಡೆಯುವುದಿಲ್ಲ. ಯು ಮೌಲ್ಯ 3.3 ಇದ್ದದ್ದು 3.3 ಆಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಪಾಚಿ, ಬೇಸಿಗೆಯಲ್ಲಿ ರಸ್ತೆ ಧೂಳು, ಎರಡು ಮೂರು ವರ್ಷಕ್ಕೆ ಬಣ್ಣ ಮಾಸುತ್ತದೆ, ಮತ್ತೆ ಹಚ್ಚಬೇಕು. ಹೊಸ ಮನೆಯಲ್ಲಿ ಹಲಗೆಯ ಜೊತೆಗೆ ಬಿಳಿ ಮೇಲ್ಮೈ ಇರಲಿ, ಹಲಗೆಯ ಬದಲಿಗೆ ಬೇಡ. ಕೆಳಗಿನಿಂದ ಫಾಲ್ಸ್ ಸೀಲಿಂಗ್ ಕಟ್ಟಿ ಅದರೊಳಗೆ ಥರ್ಮಾಕೋಲ್ ತುರುಕುವುದು ನಮಗೆ ಒಪ್ಪಿಗೆಯಿಲ್ಲ. ಕೋಣೆ ತಂಪೆನಿಸಬಹುದು, ಸ್ಲ್ಯಾಬು ಮಾತ್ರ ದಿನಾ ಕಾದು ಹಿಗ್ಗಿ ರಾತ್ರಿ ಕುಗ್ಗುತ್ತಲೇ ಇರುತ್ತದೆ. ಪ್ಯಾರಾಪೆಟ್ ಬುಡದಲ್ಲಿ ಅಡ್ಡಡ್ಡ ಬಿರುಕು ಬರಲು ಮುಖ್ಯ ಕಾರಣ ಇದೇ.

ಇಟ್ಟಿಗೆ ಚೂರಿನ ಗಾರೆಯನ್ನು ಮೇಸ್ತ್ರಿಗಳು ಸುಲಭಕ್ಕೆ ಬಿಡುವುದಿಲ್ಲ. ಅವರ ಎದುರು ಇಡಬೇಕಾದದ್ದು ತೂಕದ ಲೆಕ್ಕ. ನಾಲ್ಕಿಂಚಿನ ಚೂರಿನ ಪದರ ಚದರ ಮೀಟರಿಗೆ 180ರಿಂದ 200 ಕೆಜಿ ತೂಗುತ್ತದೆ. 50 ಮಿ.ಮೀ. ಎಕ್ಸ್‌ಪಿಎಸ್ ಎರಡು ಕೆಜಿಯನ್ನೂ ಮುಟ್ಟುವುದಿಲ್ಲ. ಅದರ ಮೇಲಿನ ಎರಡಿಂಚು ಕಾಂಕ್ರೀಟು 120 ಕೆಜಿ. ಮೋಲ್ಡಿನ ಮೇಲಿನ ಹೊರೆ ಇಳಿಯಿತು, ತಡೆ ನಾಲ್ಕು ಪಟ್ಟಿಗೂ ಮಿಗಿಲಾಗಿ ಹೆಚ್ಚಿತು. ಹಳೇ ಅಗ್ರಹಾರದ ಮನೆಗಳ ಮದ್ರಾಸ್ ತಾರಸಿ ತಂಪಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಜಂತೆಯ ಮೇಲೆ ಇಟ್ಟಿಗೆ ನಿಲ್ಲಿಸಿ, ಮೇಲೆ ಸುಣ್ಣ ಸುರ್ಕಿ (ಇಟ್ಟಿಗೆ ಪುಡಿ) ಬಡಿದು ಕೂರಿಸಿದ ದಪ್ಪ ಪದರ, ಎತ್ತರದ ಕೋಣೆ, ಗೋಡೆಯ ನೆತ್ತಿಯಲ್ಲಿ ಗಾಳಿಕಿಂಡಿ ಎಲ್ಲ ಸೇರಿತ್ತು. ಸಿಮೆಂಟಿನಲ್ಲಿ ಕಲೆಸಿದ ಚೂರು ಅದರ ಜಾಗ ತುಂಬುವುದಿಲ್ಲ.

ಇನ್ನು ಕೊಳ್ಳುವ ವಿಚಾರ. ಸಾಮಾನ್ಯವಾಗಿ ಸಿಗುವ ಹಲಗೆ 1,250×600 ಮಿ.ಮೀ., ಅಂದರೆ ಮುಕ್ಕಾಲು ಚದರ ಮೀಟರ್. ಸಾವಿರ ಚದರಡಿ ತಾರಸಿಗೆ 124 ಹಲಗೆ, ಕತ್ತರಿಸುವಾಗ ಹೋಗುವುದನ್ನು ಸೇರಿಸಿ 130 ತರಿಸಿ. ಸಾಂದ್ರತೆ ಘನ ಮೀಟರಿಗೆ 32ರಿಂದ 36 ಕೆಜಿ, ಒತ್ತಡ ತಾಳಿಕೆ 250 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬೇಡ. ಅಂಚು ಒಂದರ ಮೇಲೊಂದು ಕೂರುವ ಮೆಟ್ಟಿಲಂಚಿನದ್ದಾಗಿರಲಿ, ನೇರ ಅಂಚಿನದ್ದರಲ್ಲಿ ಸಂದಿ ಬಿಡುತ್ತದೆ. ಬೆಂಕಿ ಬೇಗ ಹಬ್ಬದಂತೆ ಸಂಸ್ಕರಿಸಿದ ದರ್ಜೆಯನ್ನೇ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಮೋಸ ನಡೆಯುವುದು ಸಾಂದ್ರತೆಯಲ್ಲಿ. ಪರೀಕ್ಷೆ ಸುಲಭ. ಒಂದು ಪೂರ್ತಿ 50 ಮಿ.ಮೀ. ಹಲಗೆಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ: 1.2 ಕೆಜಿ ಬಂದರೆ ಸಾಂದ್ರತೆ 32, 1.35 ಬಂದರೆ 36. ಒಂದು ಕೆಜಿಗಿಂತ ಕಡಿಮೆ ತೂಗಿದರೆ ಲಾರಿಯಿಂದ ಇಳಿಸಿಕೊಳ್ಳಲೇಬೇಡಿ. ಆಮೇಲೆ ಒಂದು ಮೂಲೆ ಮುರಿದು ನೋಡಿ. ಸಾಬೂದಾನಿ ಥರ ಮಣಿ ಮಣಿಯಾಗಿ ಉದುರಿದರೆ ಅದು ಥರ್ಮಾಕೋಲು, ನೀರು ಕುಡಿಯುತ್ತದೆ. ಎಕ್ಸ್‌ಪಿಎಸ್ ಒಳಗೂ ಹೊರಗೂ ಒಂದೇ ನಯದಲ್ಲಿರುತ್ತದೆ, ಮುರಿದ ಜಾಗದಲ್ಲಿ ಮಣಿ ಕಾಣುವುದಿಲ್ಲ. ಬಣ್ಣ ನೋಡಿ ಮರುಳಾಗಬೇಡಿ, ನೀಲಿಯೋ ಗುಲಾಬಿಯೋ ತಯಾರಕರ ಆಯ್ಕೆ ಅಷ್ಟೆ.

25 ಸಾಕಾಗುವಾಗ 50 ಯಾಕೆ ಎಂದು ಕಂಟ್ರಾಕ್ಟರ್ ಕೇಳಿಯೇ ಕೇಳುತ್ತಾರೆ. ಕೂಲಿ, ಮೆಶ್ಶು, ಮೇಲಿನ ಕಾಂಕ್ರೀಟು, ಟೈಲ್ಸು, ಇವೆಲ್ಲ ಎರಡಕ್ಕೂ ಒಂದೇ ಖರ್ಚು. ಹೆಚ್ಚುವುದು ಹಲಗೆಯ ಬೆಲೆ ಮಾತ್ರ. ಇಳಿಯುವ ಶಾಖವೋ ಮತ್ತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಮ್ಮೆ ಮುಚ್ಚಿದ ಮೇಲೆ ಇನ್ನೊಂದು ಇಂಚು ಸೇರಿಸಲು ತಾರಸಿ ಅಗೆಯಬೇಕಾಗುತ್ತದೆ.

ಈಗ ಕೂರಿಸುವ ಕ್ರಮ. ಸ್ಲ್ಯಾಬಿನ ಮೇಲೆ ಮೊದಲು ವಾಟ (ಇಳಿಜಾರು) ಬರಬೇಕು, ನೂರಕ್ಕೆ ಒಂದರಂತೆ, ಮಳೆನೀರಿನ ಪೈಪಿನ ಕಡೆಗೆ. ವಾಟವನ್ನು ಕೊನೆಯ ಕಾಂಕ್ರೀಟಿನಲ್ಲಿ ಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಹಲಗೆಯ ಕೆಳಗೆ ಇಳಿದ ನೀರೂ ಹರಿದುಹೋಗಬೇಕು. ವಾಟದ ಮೇಲೆ ವಾಟರ್‌ಪ್ರೂಫಿಂಗ್, ಪ್ಯಾರಾಪೆಟ್ ಗೋಡೆಗೆ ಒಂದಡಿ ಎತ್ತರದವರೆಗೆ ಹತ್ತಿಸಿ, ಮೂಲೆಯನ್ನು ಗಾರೆಯಿಂದ ಉರುಟು ಮಾಡಿ. ಆಮೇಲೆ ಪೈಪು ಮುಚ್ಚಿ ಎರಡರಿಂದ ಮೂರಿಂಚು ನೀರು ಕಟ್ಟಿ, ಎರಡು ಹಗಲು ಎರಡು ರಾತ್ರಿ ಬಿಡಿ. ಕೆಳಗಿನ ಸೀಲಿಂಗಿನಲ್ಲಿ ಒಂದು ತೇವದ ಕಲೆಯೂ ಕಾಣಬಾರದು. ಈ ಪರೀಕ್ಷೆ ಆಗದೆ ಹಲಗೆ ಹಾಸಲು ಬಿಡಲೇಬೇಡಿ. ಮುಚ್ಚಿದ ಮೇಲೆ ಸೋರಿದರೆ ನೀರು ಒಳನುಗ್ಗುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಜಾಗ ಹುಡುಕಿ ಹಿಡಿಯುವುದು ದೊಡ್ಡ ತಲೆನೋವು.

ವಾಟರ್‌ಪ್ರೂಫಿಂಗ್ ಕೆಳಗೆ, ಹಲಗೆ ಮೇಲೆ ಎಂಬುದನ್ನು ಹಲವರು ತಲೆಕೆಳಗು ಮಾಡುತ್ತಾರೆ. ಹಲಗೆ ಮೇಲಿದ್ದರೆ ಕೆಳಗಿನ ಪದರಕ್ಕೆ ಬಿಸಿಲೂ ಇಲ್ಲ, ತುಳಿತವೂ ಇಲ್ಲ. ಅದು ಬಿರುಕು ಬಿಡದೆ ಬಾಳುತ್ತದೆ. ಎಕ್ಸ್‌ಪಿಎಸ್ ನೀರು ಕುಡಿಯದ್ದರಿಂದಲೇ ಈ ಕ್ರಮ ಸಾಧ್ಯ. ಬೆಂಕಿ ಊದಿ ಅಂಟಿಸುವ ಟಾರಿನ ಹಾಳೆ ಬಳಸುವುದಾದರೆ ಆ ಕೆಲಸ ಪೂರ್ತಿ ಮುಗಿದ ಮೇಲೆಯೇ ಹಲಗೆ ತಾರಸಿ ಹತ್ತಲಿ. 75 ಡಿಗ್ರಿ ದಾಟಿದರೆ ಎಕ್ಸ್‌ಪಿಎಸ್ ಸೊಟ್ಟಗಾಗುತ್ತದೆ, ಜ್ವಾಲೆ ತಗಲಿದರೆ ಕರಗಿಯೇ ಹೋಗುತ್ತದೆ. ಥಿನ್ನರ್ ಬೆರೆತ ಅಂಟು, ಒಣಗದ ಟಾರ್ ಪ್ರೈಮರ್ ಕೂಡ ಹಲಗೆಯನ್ನು ತಿಂದುಹಾಕುತ್ತವೆ.

ಹಲಗೆಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದಿ ತಪ್ಪಿಸಿ ಹಾಸಬೇಕು. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಸಿಮೆಂಟಿನ ಹಾಲು ಸಂದಿಗೆ ಇಳಿಯದಿರಲು. ಆಮೇಲೆ 50 ಮಿ.ಮೀ. ಎಂ20 ಕಾಂಕ್ರೀಟು, ನಡುವೆ ವೆಲ್ಡ್ ಮೆಶ್ ಅಥವಾ ಕೋಳಿ ಜಾಲರಿ. ಈ ಜಾಲರಿಯ ಹತ್ತಿರ ನಿಂತು ನೋಡಿ. ಕೆಲಸಗಾರರು ಅದನ್ನು ಬಟ್ಟೆಯ ಮೇಲೆ ಹಾಸಿ, ಅದರ ಮೇಲೆಯೇ ಕಾಂಕ್ರೀಟು ಸುರಿಯುತ್ತಾರೆ. ಜಾಲರಿ ತಳದಲ್ಲಿ ಮಲಗಿಬಿಡುತ್ತದೆ, ಬಿರುಕು ತಡೆಯುವ ಕೆಲಸ ಮಾಡುವುದೇ ಇಲ್ಲ. ಒಂದಿಂಚಿನ ಕವರ್ ಬ್ಲಾಕ್ ಇಟ್ಟು ಎತ್ತಿಸಿ. ಮೂರು ಮೀಟರಿಗೊಂದರಂತೆ ಚೌಕ ಮಾಡಿ, ಚೌಕಗಳ ನಡುವೆ 10 ಮಿ.ಮೀ. ಸಂದಿ ಬಿಟ್ಟು, ಜಾಲರಿಯನ್ನೂ ಅಲ್ಲಿ ತುಂಡರಿಸಿ. ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ಟೈಲ್ಸ್ ಹಾಕುವಾಗ ಈ ಸಂದಿಯ ಮೇಲೆಯೇ ಟೈಲ್ಸಿನ ಸಂದಿಯೂ ಬರಲಿ, ಇಲ್ಲದಿದ್ದರೆ ಮೊದಲ ಬೇಸಿಗೆಯಲ್ಲೇ ಟೈಲ್ಸ್ ಟಪ್ಪೆಂದು ಏಳುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೆಲಸ ಇಟ್ಟುಕೊಂಡರೆ ಸಂಜೆ ಮಳೆಯ ಬಗ್ಗೆ ಎಚ್ಚರ. ಕಾಂಕ್ರೀಟು ಬೀಳದ ಹಲಗೆ ನೀರಿನಲ್ಲಿ ತೇಲುತ್ತದೆ. ಆಷಾಢದ ಗಾಳಿಗೆ ಹಾರಿ ಪಕ್ಕದ ಮನೆ ಸೇರುತ್ತದೆ. ಆ ದಿನ ಎಷ್ಟು ಕಾಂಕ್ರೀಟು ಸುರಿಯಲು ಆಗುತ್ತದೋ ಅಷ್ಟೇ ಹಲಗೆ ಹಾಸಿ. ಉಳಿದದ್ದನ್ನು ನೆರಳಲ್ಲಿಡಿ, ಕಪ್ಪು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬಿಟ್ಟರೆ ಅಲ್ಲೇ ಡೊಂಕಾಗುತ್ತದೆ.

ನಕ್ಷೆಯ ಹಂತದಲ್ಲೇ ತೀರ್ಮಾನ ಆಗಬೇಕಾದ ಮೂರು ವಿಷಯಗಳಿವೆ, ಆಮೇಲೆ ನೆನಪಾದರೆ ತಡವಾಯಿತು. ವಾಟ, ಹಲಗೆ, ಕಾಂಕ್ರೀಟು, ಟೈಲ್ಸು ಸೇರಿದರೆ ಸ್ಲ್ಯಾಬಿನಿಂದ ಆರರಿಂದ ಏಳೂವರೆ ಇಂಚು ಎತ್ತರ ಏರುತ್ತದೆ. ತಾರಸಿ ಬಾಗಿಲಿನ ಹೊಸ್ತಿಲು ಅದಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಜೋರು ಮಳೆಗೆ ನೀರು ಮೆಟ್ಟಿಲಿಳಿದು ಬರುತ್ತದೆ. ಮಳೆನೀರಿನ ಪೈಪಿನ ಬಾಯಿ ಎರಡು ಮಟ್ಟದಲ್ಲೂ ನೀರು ಎಳೆಯಬೇಕು: ಟೈಲ್ಸಿನ ಮಟ್ಟದಲ್ಲಿ ಒಮ್ಮೆ, ವಾಟರ್‌ಪ್ರೂಫಿಂಗ್ ಮಟ್ಟದಲ್ಲಿ ಇನ್ನೊಮ್ಮೆ. ಸೋಲಾರ್ ಹೀಟರಿನ ಸ್ಟ್ಯಾಂಡು, ನೀರಿನ ಟ್ಯಾಂಕು ಇವಕ್ಕೆ ಸ್ಲ್ಯಾಬಿನಿಂದಲೇ ಕಾಂಕ್ರೀಟು ಗೂಟ ಎಬ್ಬಿಸಿ, ವಾಟರ್‌ಪ್ರೂಫಿಂಗನ್ನು ಅದರ ಮೈಗೂ ಹತ್ತಿಸಿ. ಎಲ್ಲ ಮುಗಿದ ಮೇಲೆ ಸೋಲಾರ್ ಕಂಪನಿಯ ಹುಡುಗರು ಬಂದು ಡ್ರಿಲ್ ಹಾಕಿ ಬೋಲ್ಟು ಬಿಗಿದರೆ ಅಷ್ಟು ಹೊತ್ತಿನ ಕೆಲಸಕ್ಕೆ ನಾಲ್ಕು ತೂತು.

ಛಾವಣಿ ಮುಚ್ಚಿದ ಮನೆಗೆ ಗಾಳಿ ಬೇಕೇ ಬೇಕು. ಹಲಗೆ ಹಗಲಿನ ಶಾಖವನ್ನು ತಡೆಯುವ ಹಾಗೆಯೇ, ರಾತ್ರಿ ಒಳಗಿನ ಶಾಖ ಛಾವಣಿ ದಾಟಿ ಹೋಗುವುದನ್ನೂ ತಡೆಯುತ್ತದೆ. ಅಡುಗೆಮನೆ, ಫ್ರಿಜ್ಜು, ಜನರಿಂದ ಹುಟ್ಟಿದ ಬಿಸಿಯನ್ನು ಕಿಟಕಿಯೇ ಹೊರಹಾಕಬೇಕು. ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಸಂಹಿತೆ ಹೇಳುವುದು ಕಾರ್ಪೆಟ್ ಏರಿಯಾದ ಶೇ. 12.5ರಷ್ಟು ತೆರೆಯಬಲ್ಲ ಜಾಗ. 850 ಚದರಡಿಗೆ ಅದು 106 ಚದರಡಿ. ಇಲ್ಲಿ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಕೈಕೊಡುತ್ತದೆ. ನಾಲ್ಕಡಿ ನಾಲ್ಕಡಿಯ ಎರಡು ಗಾಜಿನ ಸ್ಲೈಡಿಂಗ್ ತೆರೆದರೆ ಸಿಗುವುದು ಎಂಟು ಚದರಡಿ. ಅದೇ ಅಳತೆಯ ರೆಕ್ಕೆ ಬಾಗಿಲಿನ ಕಿಟಕಿಗೆ ಸಂಹಿತೆ ಶೇ. 90 ಕೊಡುತ್ತದೆ, ಅಂದರೆ 14.4. ಸೊಳ್ಳೆ ಪರದೆ ಸಮೇತ ರೆಕ್ಕೆ ಕಿಟಕಿ ಹಾಕಿಸುವುದು ತುಸು ರಗಳೆ, ಆದರೆ ನಮ್ಮ ಹವೆಗೆ ಅದೇ ಸರಿ.

ಗೋಡೆಯ ಬಗ್ಗೆ ಚುಟುಕಾಗಿ. ಸಂಹಿತೆಯಲ್ಲಿ ಗೋಡೆ ಕಿಟಕಿ ಸೇರಿಸಿ ಒಂದೇ ಅಂಕ, ಚಳಿ ವಲಯ ಬಿಟ್ಟು ಉಳಿದ ಎಲ್ಲ ಕಡೆ ಒಳಬರುವ ಶಾಖ ಚದರ ಮೀಟರಿಗೆ 15 ವಾಟ್ ದಾಟಬಾರದು. ಸಮಶೀತೋಷ್ಣ ವಲಯದ ಸೂತ್ರವನ್ನೇ ಮೈಸೂರಿಗೂ ಹಾಕಿ, ಹೊರಗೋಡೆಯಲ್ಲಿ ಶೇ. 15 ಕಿಟಕಿ, ಎಲ್ಲ ದಿಕ್ಕಿಗೂ ಬಿಸಿಲು ಸಮ (ದಿಕ್ಕಿನ ಗುಣಾಂಕ 1) ಎಂದಿಟ್ಟುಕೊಂಡರೆ, ಆರಿಂಚಿನ ಸಾಲಿಡ್ ಬ್ಲಾಕಿಗೆ ಸಾದಾ ಗಾಜು ಕೂರಿಸಿದ, ಸಜ್ಜೆಯಿಲ್ಲದ ಮನೆ 17 ದಾಟುತ್ತದೆ, ನಪಾಸು. ಒಂಬತ್ತಿಂಚಿನ ಸುಟ್ಟ ಇಟ್ಟಿಗೆ 14ರೊಳಗೆ ಬರುತ್ತದೆ. ಎಂಟಿಂಚಿನ ಎಎಸಿ ಬ್ಲಾಕು (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕು) 10ರ ಹತ್ತಿರ. ಆದರೆ ಅದೇ ಆರಿಂಚಿನ ಬ್ಲಾಕಿನ ಮನೆಯ ಕಿಟಕಿಗಳಿಗೆ, ಒಳಬರುವ ಬಿಸಿಲು ಮೂರನೇ ಒಂದು ಭಾಗ ಕಡಿಮೆಯಾಗುವಷ್ಟು ಸಜ್ಜೆ ಕೊಟ್ಟರೆ 15ರೊಳಗೆ ಬಂದು ಪಾಸಾಗುತ್ತದೆ. ಎಲಿವೇಷನ್ ಚೆಂದಕ್ಕೆಂದು ಸಜ್ಜೆ ಕಿತ್ತು ಡಬ್ಬದಂಥ ಮುಖ ಮಾಡುವ ಈಗಿನ ಶೋಕಿ ಎಷ್ಟು ದುಬಾರಿ ಎಂಬುದು ಈ ಎರಡು ವಾಟಿನಲ್ಲಿದೆ.

ಪ್ಲೇಗಿನ ನಂತರ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿ ಗಾಳಿ ಬೆಳಕಿಗಾಗಿ ಬೀದಿ ಬಡಾವಣೆಗಳನ್ನೇ ಹೊಸದಾಗಿ ಹಾಕಿದ ಊರು ಇದು. ಕೇಂದ್ರದ ಸೋಲಾರ್ ಸಿಟಿ ಪಟ್ಟಿಯಲ್ಲೂ ಇದರ ಹೆಸರಿತ್ತು. ಸೋಲಾರ್ ವಾಟರ್ ಹೀಟರ್ ನಿಯಮ ಬಂದ ಮೇಲೆ ಅದಕ್ಕೆಂದು ಬಿಸಿನೀರಿನ ಪೈಪು ಬಿಡದ ಪ್ಲಂಬರ್ ಇಲ್ಲಿ ಸಿಗುವುದು ಕಷ್ಟ. ನಿಯಮ ಗಟ್ಟಿಯಿದ್ದರೆ ಕಸುಬು ತಾನಾಗಿ ಕಲಿಯುತ್ತದೆ, ಸಾಮಾನು ಪೇಟೆಗೆ ಬರುತ್ತದೆ. ಸ್ಥಳೀಯ ಹವೆಗೆ ತಕ್ಕಂತೆ ಸಂಹಿತೆ ತಿದ್ದುವ ಅಧಿಕಾರವನ್ನು 2001ರ ಇಂಧನ ಸಂರಕ್ಷಣಾ ಕಾಯ್ದೆಯ 15ನೇ ಕಲಂ ರಾಜ್ಯಕ್ಕೆ ಕೊಟ್ಟಿದೆ. ಆದ್ದರಿಂದ ಮೈಸೂರು ಕೇಳಬೇಕಾದದ್ದು ಹೊಸ ಕಾಯ್ದೆಯನ್ನಲ್ಲ, 500 ಚದರ ಮೀಟರನ್ನು 100ಕ್ಕೆ ಇಳಿಸುವುದನ್ನು. 30×40 ಸೈಟು 111 ಚದರ ಮೀಟರ್, ಒಳಗೆ ಬರುತ್ತದೆ. ಎಲ್ಲವನ್ನೂ ಒಮ್ಮೆಲೇ ಹೇರುವುದು ಬೇಡ. ಛಾವಣಿಯ 1.2 ಒಂದನ್ನೇ ಮೊದಲು ಕಡ್ಡಾಯ ಮಾಡಲಿ.

ಜಾರಿಗೆ ದೊಡ್ಡ ಯಂತ್ರಾಂಗ ಬೇಕಿಲ್ಲ. ಪ್ಲಾನ್ ಮಂಜೂರಾತಿಯ ನಕ್ಷೆಯಲ್ಲಿ ತಾರಸಿಯ ಒಂದು ಅಡ್ಡಸೀಳು, ಪದರಗಳ ದಪ್ಪ, ಕೆಳಗೆ ಯು ಮೌಲ್ಯ, ಎಂಜಿನಿಯರ್ ಸಹಿ. ಹಲಗೆ ಹಾಸಿ ಕಾಂಕ್ರೀಟು ಸುರಿಯುವ ಮುನ್ನ ತೆಗೆದ ಫೋಟೋ, ಹಲಗೆಯ ಬಿಲ್ಲು. ಕಂಪ್ಲೀಷನ್ ಸರ್ಟಿಫಿಕೇಟಿಗೆ ಇವು ಮೂರು ಸೇರಿದರೆ ಸಾಕು. ಅನುಮಾನ ಬಂದರೆ ಏಪ್ರಿಲ್ ತಿಂಗಳ ಬಿಸಿಲಿನ ದಿನ, ಸಂಜೆ ಏಳಕ್ಕೆ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮೇಲ್ಮಹಡಿಯ ಸೀಲಿಂಗನ್ನೂ ಅದೇ ಕೋಣೆಯ ಒಳಗೋಡೆಯನ್ನೂ ಅಳೆಯಿರಿ. ಕೆಲಸ ಸರಿಯಾಗಿದ್ದರೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಒಂದೇ ಮೂಲೆ ಬಿಸಿಯಾಗಿ ತೋರಿಸಿದರೆ ಅಲ್ಲಿ ಹಲಗೆ ತಪ್ಪಿದೆ, ಬಹುಮಟ್ಟಿಗೆ ಟ್ಯಾಂಕಿನ ಗೂಟದ ಸುತ್ತ ಅಥವಾ ಪ್ಯಾರಾಪೆಟ್ ಬುಡದಲ್ಲಿ.